ಕೋವಿಗೆ ಕಟ್ಟಿದ ಮರೆಯಲ್ಲಿ ಬಿಲ್ಲು: ದಕ್ಷಿಣ ಫ್ಲಾರಿಡಾದ ಒಂದು ಟರ್ಕಿ ಬೇಟೆ ಸೇವೆಯ ವಿಮರ್ಶೆ

2025ರ ಮಾರ್ಚ್ 7ರಿಂದ 9ರವರೆಗೆ ಮೂರು ದಿನ, ದಕ್ಷಿಣ ಫ್ಲಾರಿಡಾದ ಗ್ಲೇಡ್ಸ್ ಕೌಂಟಿಯ ಒಂದು ಖಾಸಗಿ ದನದ ರಾಂಚ್‌ನಲ್ಲಿ ಬಿಲ್ಲು ಹಿಡಿದು ಕಾಡು ಟರ್ಕಿ ಕೋಳಿಯ ಬೇಟೆಗೆ ಕೂತಿದ್ದೆ. ಜಾಗ, ಗೈಡ್, ವಸತಿ, ಊಟ ಎಲ್ಲವನ್ನೂ ಒಂದೇ ಸಂಸ್ಥೆ ಒದಗಿಸಿತ್ತು. ಒಂದು ಹಕ್ಕಿಗೆ 2,400 ಡಾಲರ್ ದರ. ಅದರ ಅರ್ಧವನ್ನು ಆರು ತಿಂಗಳ ಮೊದಲೇ ಮುಂಗಡವಾಗಿ ಕಟ್ಟಬೇಕಿತ್ತು ಮತ್ತು ಆ ಮುಂಗಡ ಯಾವ ಕಾರಣಕ್ಕೂ ಹಿಂದಿರುಗುವುದಿಲ್ಲವೆಂದು ರಸೀದಿಯಲ್ಲಿಯೇ ಅಚ್ಚಾಗಿತ್ತು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಹೇಳಬೇಕಾಗಿರುವ ದೋಷ ಈ ಒಂದು ಸಂಸ್ಥೆಯದು ಮಾತ್ರವಲ್ಲ. ಕೋವಿಯ ಬೇಟೆಗಾಗಿ ರೂಪುಗೊಂಡ ಸೇವೆಯನ್ನೇ 'ಬಿಲ್ಲಿನವರಿಗೂ ಅನುಕೂಲವಿದೆ' ಎಂದು ಮಾರುವವರೆಲ್ಲರಿಗೂ ಅದು ಅನ್ವಯಿಸುತ್ತದೆ. ಕೋವಿ ಹಿಡಿದು ಹೋಗುವವರಿಗೆ ಈ ಸೇವೆಯನ್ನು ನಾನು ಹಿಂಜರಿಯದೆ ಸೂಚಿಸುತ್ತೇನೆ. ಬಿಲ್ಲು ಹಿಡಿದವರು ಮುಂಗಡ ಕಟ್ಟುವ ಮೊದಲು ಈ ಬರಹವನ್ನು ಪೂರ್ತಿ ಓದುವುದು ಒಳ್ಳೆಯದು.

ಅಷ್ಟು ದೂರ, ಅಷ್ಟು ಹಣ ತೆತ್ತು ಫ್ಲಾರಿಡಾಕ್ಕೇ ಏಕೆ ಹೋಗಬೇಕು ಎಂಬುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಋತು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ವಸಂತದ ಟರ್ಕಿ ಬೇಟೆಗೆ ಏಪ್ರಿಲ್‌ವರೆಗೆ ಕಾಯಬೇಕು. ಫ್ಲಾರಿಡಾದಲ್ಲಿ, ಬ್ರೇಡೆಂಟನ್‌ನಿಂದ ಫೋರ್ಟ್ ಪಿಯರ್ಸ್‌ವರೆಗೆ ರಾಜ್ಯವನ್ನು ಅಡ್ಡಲಾಗಿ ಸೀಳುವ ಸ್ಟೇಟ್ ರೋಡ್ 70ರ ದಕ್ಷಿಣಕ್ಕೆ ಮಾರ್ಚ್ ತಿಂಗಳ ಮೊದಲ ಶನಿವಾರವೇ ಬೇಟೆ ತೆರೆಯುತ್ತದೆ. ರಸ್ತೆಯ ಉತ್ತರಕ್ಕೆ ಎರಡು ವಾರ ತಡವಾಗಿ. ಎರಡನೆಯದು ಹಕ್ಕಿ. ಸೆಮಿನೋಲ್ ನಾಯಕ ಓಸಿಯೋಲನ ಹೆಸರು ಹೊತ್ತಿರುವ ಈ ಉಪಜಾತಿಯ ಟರ್ಕಿ ಫ್ಲಾರಿಡಾ ಪರ್ಯಾಯದ್ವೀಪವನ್ನು ಬಿಟ್ಟರೆ ಬೇರೆಲ್ಲೂ ಇಲ್ಲ. ಪೂರ್ವದ, ಅಂದರೆ ಈಸ್ಟರ್ನ್ ಉಪಜಾತಿಯ, ಟರ್ಕಿಗಿಂತ ಮೈ ಸಣ್ಣದು, ಬಣ್ಣ ಗಾಢ, ರೆಕ್ಕೆಯ ಗರಿಗಳಲ್ಲಿ ಬಿಳಿ ಪಟ್ಟೆಗಳಿಗಿಂತ ಕಪ್ಪೇ ಹೆಚ್ಚು. ಈಸ್ಟರ್ನ್, ಓಸಿಯೋಲ, ರಿಯೊ ಗ್ರ್ಯಾಂಡ್, ಮೆರಿಯಮ್ಸ್ ಎಂಬ ನಾಲ್ಕು ಉಪಜಾತಿಗಳನ್ನೂ ಹೊಡೆದು 'ಗ್ರ್ಯಾಂಡ್ ಸ್ಲ್ಯಾಮ್' ಪೂರೈಸುವ ಹಂಬಲದವರೆಲ್ಲ ಈ ಒಂದೇ ರಾಜ್ಯಕ್ಕೆ ಬರಬೇಕಾಗಿರುವುದರಿಂದ, ಇಲ್ಲಿನ ಖಾಸಗಿ ಜಮೀನುಗಳ ದರ ಬೇರೆ ರಾಜ್ಯಗಳವರು ಬೆಚ್ಚುವಷ್ಟಿದೆ.

ಸಾರ್ವಜನಿಕ ಬೇಟೆ ಪ್ರದೇಶಗಳೂ ಇಲ್ಲಿವೆ. ಆದರೆ ಅವುಗಳಲ್ಲಿ ಹಲವಕ್ಕೆ ಹಿಂದಿನ ವರ್ಷದ ಕೊನೆಯಲ್ಲೇ ಲಾಟರಿಗೆ ಅರ್ಜಿ ಹಾಕಬೇಕು ಮತ್ತು ಅಲ್ಲಿ ಬೇಟೆ ಮಧ್ಯಾಹ್ನ ಒಂದು ಗಂಟೆಗೆ ಮುಗಿಯುತ್ತದೆ. ಖಾಸಗಿ ಜಮೀನಿನಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದವರೆಗೂ ಕೂರಬಹುದು. ಬಿಲ್ಲಿನವನಿಗೆ ಈ ಮಧ್ಯಾಹ್ನದ ಗಂಟೆಗಳ ಬೆಲೆ ದೊಡ್ಡದು. ಏಕೆಂದರೆ ಋತುವಿನ ಆರಂಭದಲ್ಲಿ ಹೇಂಟೆಗಳು ಇನ್ನೂ ಗೂಡು ಹಿಡಿದಿರುವುದಿಲ್ಲ, ಬೆಳಗಿನ ಹೊತ್ತು ಹುಂಜಗಳು ಅವುಗಳ ಬೆನ್ನನ್ನೇ ಬಿಡುವುದಿಲ್ಲ, ಬೇಟೆಗಾರ ಹೇಂಟೆಯ ದನಿಯಲ್ಲಿ ಎಷ್ಟೇ ಚೆನ್ನಾಗಿ ಕೂಗಿದರೂ ಕಣ್ಣೆದುರಿನ ಹೇಂಟೆಯನ್ನು ಬಿಟ್ಟು ಕಾಣದ ಹೇಂಟೆಯನ್ನು ಹುಡುಕಿಕೊಂಡು ಬರುವ ಹುಂಜ ಅಪರೂಪ. ಹತ್ತು ಗಂಟೆಯ ನಂತರ ಹೇಂಟೆಗಳು ಚದುರಿದ ಮೇಲೆಯೇ ಹುಂಜಗಳು ಒಂಟಿಯಾಗಿ ಅಲೆಯತೊಡಗುತ್ತವೆ.

ಬುಕಿಂಗ್ ಹಂತದಲ್ಲಿ ಸಂಸ್ಥೆಯ ಕೆಲಸ ಅಚ್ಚುಕಟ್ಟಾಗಿತ್ತು. ಹೊರರಾಜ್ಯದವರಿಗೆ ಬೇಕಾದ ಹತ್ತು ದಿನಗಳ ಬೇಟೆ ಪರವಾನಗಿಗೆ 46.50 ಡಾಲರ್, ಟರ್ಕಿ ಪರ್ಮಿಟ್‌ಗೆ ಪ್ರತ್ಯೇಕವಾಗಿ 125 ಡಾಲರ್. 1975ರ ಜೂನ್ 1 ಅಥವಾ ಅನಂತರ ಹುಟ್ಟಿದವರು ಬೇಟೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ತೋರಿಸಬೇಕು. ಬಿಲ್ಲಿನ ಸೆಳೆತ ಕನಿಷ್ಠ 35 ಪೌಂಡ್ ಇರಬೇಕು, ಬಾಣದ ಬ್ರಾಡ್‌ಹೆಡ್ ಮೊನೆಗೆ ಕನಿಷ್ಠ ಎರಡು ಹರಿತ ಅಲಗುಗಳಿದ್ದು ಅಗಲ ಒಂದು ಅಂಗುಲದ ಎಂಟನೇ ಏಳು ಭಾಗಕ್ಕಿಂತ ಕಡಿಮೆಯಾಗಬಾರದು. ಮರದ ಮೇಲೆ ಕೂತು ಮಲಗಿದ ಹಕ್ಕಿಯನ್ನು ಹೊಡೆಯುವಂತಿಲ್ಲ, ಧ್ವನಿಮುದ್ರಿತ ಕೂಗನ್ನು ಬಳಸುವಂತಿಲ್ಲ. ಇವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ಕಳುಹಿಸಿದ್ದರು. ವಿಮಾನದಲ್ಲಿ ಬರುವವರು ಬಾಣಗಳನ್ನೂ ಮೊನೆಗಳನ್ನೂ ಕೈಚೀಲದಲ್ಲಿಡದೆ, ಮೊನೆಗಳಿಗೆ ಹೊದಿಕೆ ಹಾಕಿ ಸರಕಿನ ಪೆಟ್ಟಿಗೆಯಲ್ಲಿಯೇ ಕಳುಹಿಸಬೇಕೆಂಬ ಎಚ್ಚರಿಕೆಯೂ ಅದರಲ್ಲಿತ್ತು. ಆ ಹಾಳೆಯಲ್ಲಿ ಒಂದು ತಪ್ಪಿತ್ತು; ಅದನ್ನು ಮುಂದೆ ಹೇಳುತ್ತೇನೆ.

ನಾನು ಫೋನಿನಲ್ಲಿ ಕೇಳಿದ ಪ್ರಶ್ನೆ ಒಂದೇ: ಬಿಲ್ಲಿನ ಬೇಟೆಗೆ ವ್ಯವಸ್ಥೆ ಇದೆಯೇ? ಇದೆ ಎಂದರು. ಪ್ರತಿ ಹೊಲದ ಅಂಚಿನಲ್ಲೂ ಮರೆಗುಡಾರ ಇದೆ, ಪ್ರತಿ ವರ್ಷ ಬಿಲ್ಲಿನವರು ಬರುತ್ತಾರೆ ಎಂದರು. ಎರಡೂ ನಿಜವೇ ಆಗಿದ್ದವು. ನಾನು ಕೇಳಬೇಕಾಗಿದ್ದ ಪ್ರಶ್ನೆ ಬೇರೆಯಿತ್ತು.

ವಸತಿ ಮತ್ತು ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶುಚಿಯಾದ ಕೋಣೆ, ಬಿಸಿನೀರು, ಬೆಳಗಿನ ನಾಲ್ಕು ಗಂಟೆಗೇ ಸಿದ್ಧವಿರುತ್ತಿದ್ದ ಕಾಫಿ, ಇಷ್ಟು ಸಾಕು. ಜಾಗವಂತೂ ಕಣ್ಣು ತುಂಬುವಂಥದು. ಬಯಲಿನ ನಡುನಡುವೆ ಗುಮ್ಮಟದಂತೆ ಎದ್ದ ಸೈಪ್ರಸ್ ಮರಗಳ ಜೌಗು ತೋಪುಗಳು, ಜಟೆಯಂತೆ ಪಾಚಿ ಇಳಿಬಿದ್ದ ಓಕ್ ಮರಗಳು, ಮೊಣಕಾಲೆತ್ತರದ ಗರಗಸ ತಾಳೆಯ ಪೊದೆಗಳು. ನೀರಿನ ಮೇಲೆ ಚಾಚಿದ ಸೈಪ್ರಸ್ ಕೊಂಬೆಗಳಲ್ಲಿ ಟರ್ಕಿಗಳು ರಾತ್ರಿ ಕಳೆಯುತ್ತವೆ. ನಸುಕಿನಲ್ಲಿ ಸ್ಯಾಂಡ್‌ಹಿಲ್ ಕೊಕ್ಕರೆಗಳ ಜೋಡಿ ಒಮ್ಮೆ ಕಹಳೆಯೂದಿದರೆ ಸಾಕು, ಅದಕ್ಕೆ ಸಿಡುಕಿ ಮರದ ಮೇಲಿಂದಲೇ ಹುಂಜಗಳು ಗುಳುಗುಳಿಸಿ ತಾವಿರುವ ಜಾಗವನ್ನು ತಾವೇ ಹೇಳಿಬಿಡುತ್ತವೆ. ಈ ರಾಂಚ್‌ನಲ್ಲಿ ಹಕ್ಕಿಗಳಿಗೆ ಕೊರತೆಯಿಲ್ಲ. ಮೊದಲ ಬೆಳಗು ನಾನು ಎಣಿಸಿದ್ದು ಬೇರೆಬೇರೆ ದಿಕ್ಕಿನ ಐದು ಹುಂಜಗಳ ಕೂಗು.

ಇನ್ನು ಮರೆಗುಡಾರದ ವಿಷಯ. ಇಲ್ಲಿನವರು ಬ್ಲೈಂಡ್ ಎನ್ನುವ ಇದನ್ನು ನಮ್ಮ ಬೇಟೆಗಾರರ ಮಾತಿನಲ್ಲಿ ಮರಸು ಎನ್ನಬಹುದು. ಟರ್ಕಿಗೆ ಮೂಗು ಮಂದ, ಕಣ್ಣು ಮಾತ್ರ ವಿಪರೀತ ಚುರುಕು. ತಲೆಯ ಇಕ್ಕೆಲದಲ್ಲೂ ಕಣ್ಣಿರುವುದರಿಂದ ಕತ್ತು ಕೊಂಚ ತಿರುಗಿಸಿದರೆ ಸುತ್ತಲೂ ಕಾಣುತ್ತದೆ. ಕೋವಿಯವನು ಮರಕ್ಕೆ ಬೆನ್ನು ಕೊಟ್ಟು, ಮೊಣಕಾಲಿನ ಮೇಲೆ ಕೋವಿ ಊರಿ, ಒಂದು ಬೆರಳು ಮಾತ್ರ ಅಲುಗಿಸಿ ಕೆಲಸ ಮುಗಿಸಬಲ್ಲ. ಬಿಲ್ಲಿನವನು ತೋಳೆತ್ತಬೇಕು, ಹೆದೆಯನ್ನು ಗಲ್ಲದವರೆಗೆ ಸೆಳೆಯಬೇಕು, ಸೆಳೆದು ಹಿಡಿದು ಕಾಯಬೇಕು. ಇಷ್ಟೊಂದು ಚಲನೆಯನ್ನು ಹಕ್ಕಿಯ ಕಣ್ಣಿಂದ ಬಚ್ಚಿಡಲು ನಾಲ್ಕೂ ಕಡೆ ಮುಚ್ಚಿದ, ಒಳಗೆ ಕಪ್ಪು ಬಣ್ಣದ ಗುಡಾರ ಬೇಕೇ ಬೇಕು. ಒಳಗೆ ಕೂರುವವರೂ ಕಪ್ಪು ಬಟ್ಟೆಯನ್ನೇ ತೊಡಬೇಕು. ಎಲೆಬಳ್ಳಿಯ ಚಿತ್ತಾರದ ಅಂಗಿ ಅಲ್ಲಿ ಪ್ರಯೋಜನಕ್ಕೆ ಬಾರದು.

ಈ ಸಂಸ್ಥೆಯ ಗುಡಾರಗಳು ಗಟ್ಟಿಯಾಗಿದ್ದವು, ಒಳಗೆ ಕಪ್ಪಾಗಿಯೂ ಇದ್ದವು. ಆದರೆ ತಳದ ಅಗಲ, ನಾನು ಟೇಪು ಹಿಡಿದು ಅಳೆದಂತೆ, 58 ಅಂಗುಲ. ಗೈಡ್, ನಾನು, ಎರಡು ಕುರ್ಚಿ, ಒಂದು ಚೀಲ. ಇಷ್ಟು ತುಂಬಿದ ಮೇಲೆ ಹೆದೆ ಸೆಳೆದರೆ ನನ್ನ ಬಲ ಮೊಣಕೈ ಹಿಂದಿನ ಬಟ್ಟೆಗೆ ತಗುಲಿ ಇಡೀ ಗೋಡೆ ಉಬ್ಬುತ್ತಿತ್ತು. ಕುರ್ಚಿಗಳಿಗೆ ಕೈಯೂರುವ ತೋಳುಗಳಿದ್ದವು, ಬಿಲ್ಲಿನ ಕೆಳತುದಿಯಲ್ಲಿ ಹೆದೆ ಹಾಯುವ ಚಕ್ರ ಅವುಗಳಿಗೆ ಬಡಿಯುತ್ತಿತ್ತು. ಇವೆರಡಕ್ಕಿಂತ ದೊಡ್ಡ ತೊಡಕು ಕಿಟಕಿಯ ಎತ್ತರ. ಕೋವಿಯ ನಳಿಗೆ ಊರಲು ಅನುಕೂಲವಾಗಲೆಂದು ಕಿಟಕಿಯ ಕೆಳ ಅಂಚನ್ನು ಎತ್ತರದಲ್ಲಿಟ್ಟಿದ್ದರು. ಬಿಲ್ಲಿನಲ್ಲಿ ಬಾಣವು ಗುರಿ ನೋಡುವ ಕಣ್ಣಿಗಿಂತ ನಾಲ್ಕು ಬೆರಳು ಕೆಳಗೆ ಕೂತಿರುತ್ತದೆ. ಆದ್ದರಿಂದ ಕಿಟಕಿಯಲ್ಲಿ ಹಕ್ಕಿ ಸ್ಪಷ್ಟವಾಗಿ ಕಂಡರೂ ಬಿಟ್ಟ ಬಾಣ ಕಿಟಕಿಯ ಅಂಚಿನ ಬಟ್ಟೆಯನ್ನೇ ಸೀಳಬಹುದು. ಹಕ್ಕಿ ಹತ್ತಿರವಿದ್ದಷ್ಟೂ, ಕೆಳಮುಖವಾಗಿ ಬಿಡಬೇಕಾದಷ್ಟೂ ಈ ಅಪಾಯ ಹೆಚ್ಚು. ಬಿಲ್ಲಿನವರು ಪ್ರತಿ ವರ್ಷ ಬರುತ್ತಾರೆಂದು ಹೇಳಿದ ಸಂಸ್ಥೆಗೆ ಇದು ಗೊತ್ತಿರಬೇಕಿತ್ತು. ಅಂಚಿನಲ್ಲಿ ಎರಡು ಕಡೆ ಹೊಲಿದಿದ್ದ ತೇಪೆಗಳನ್ನು ನೋಡಿದರೆ ಗೊತ್ತಾಗುವ ಅವಕಾಶಗಳೂ ಬಂದಿದ್ದವೆಂದು ತೋರುತ್ತದೆ.

ಮೊದಲ ಬೆಳಗು ನಡೆದದ್ದು ಈ ಇಡೀ ವಿಮರ್ಶೆಯ ತಿರುಳು. ನನ್ನ ಗೈಡ್ ಅರವತ್ತು ದಾಟಿದ, ಈ ಜಮೀನಿನಲ್ಲಿಯೇ ದನ ಮೇಯಿಸಿ ಬೆಳೆದ ಹಿರಿಯರು. ಕೂಗುವುದರಲ್ಲಿ ಅವರಿಗೆ ಸಮಾನರನ್ನು ನಾನು ಕಂಡಿಲ್ಲ. ಬಾಯೊಳಗಿಟ್ಟು ಊದುವ ಪೊರೆಯ ಕೂಗುಸಾಧನದಿಂದ ಮರದ ಮೇಲಿನ ಹೇಂಟೆಯ ನಿದ್ದೆಗಣ್ಣಿನ ಮುಲುಕನ್ನು ತೆಗೆದು, ನಂತರ ಟೋಪಿಯನ್ನು ತೊಡೆಗೆ ಬಡಿದು ರೆಕ್ಕೆ ಬಡಿದು ಇಳಿಯುವ ಸದ್ದನ್ನೂ ಸೇರಿಸಿದರು. 6.40ರ ಸುಮಾರಿಗೆ ಸೂರ್ಯ ಮೂಡಿದ. ಏಳಕ್ಕೆ ಎರಡು ಹುಂಜಗಳು ಬಯಲಿಗೆ ಬಂದವು. ಡೆಕಾಯ್‌ಗಳನ್ನು, ಅಂದರೆ ಹುಂಜಗಳನ್ನು ಸೆಳೆಯಲು ನೆಡುವ ದೀಮದ ಗೊಂಬೆ ಹಕ್ಕಿಗಳನ್ನು, ಅವರು ಗುಡಾರದಿಂದ 22 ಗಜ ದೂರದಲ್ಲಿ ನೆಟ್ಟಿದ್ದರು: ಎರಡು ಹೇಂಟೆ, ಒಂದು ಎಳೆ ಹುಂಜ. ಬಂದ ಹುಂಜಗಳು ದೀಮಗಳಿಂದ ಹನ್ನೆರಡು ಗಜ ಆಚೆಯೇ ನಿಂತು, ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆಯ ತುದಿಯಿಂದ ನೆಲ ಕೆರೆಯುತ್ತ ಇಪ್ಪತ್ತು ನಿಮಿಷ ಮೆರೆದವು. ನನ್ನಿಂದ 34 ಗಜ. ಗೈಡ್ ಪಿಸುಗುಟ್ಟಿದರು: 'ಹೊಡೆಯಿರಿ, ಇದಕ್ಕಿಂತ ಹತ್ತಿರ ಬೇಕಿಲ್ಲ.' ಕೋವಿಗೆ ಅದು ನಿಜ. ಟರ್ಕಿ ಎಷ್ಟೇ ದೊಡ್ಡದಾಗಿ ಕಂಡರೂ ಬಾಣ ನಾಟಬೇಕಾದ ಮರ್ಮಸ್ಥಾನ ಒಂದು ಕಿತ್ತಳೆಯಷ್ಟು ಮಾತ್ರ, ಉಳಿದದ್ದೆಲ್ಲ ಗರಿ. ಮೆರೆಯುವ ಹಕ್ಕಿ ಒಂದೆಡೆ ನಿಲ್ಲುವುದೂ ಇಲ್ಲ. ಇಪ್ಪತ್ತು ಗಜದಾಚೆ ನಾನು ಬಾಣ ಬಿಡುವುದಿಲ್ಲವೆಂದು ಮೊದಲೇ ತೀರ್ಮಾನಿಸಿದ್ದೆ. ಅವು ಬಂದ ದಾರಿಯಲ್ಲೇ ಹೋದವು.

ಹಕ್ಕಿಗಳು ಹೋದ ಮೇಲೆ ನಡೆದ ಮಾತುಕತೆಯಲ್ಲಿ ಸೇವೆಯ ಒಳ್ಳೆಯ ಗುಣವೂ ಕೊರತೆಯೂ ಒಟ್ಟಿಗೆ ಕಂಡವು. ಬಿಲ್ಲಿನ ಬೇಟೆಯಲ್ಲಿ ದೀಮವನ್ನು ಎಷ್ಟು ದೂರದಲ್ಲಿ, ಯಾವ ಕಡೆಗೆ ಮುಖ ಮಾಡಿ ನೆಡುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಎಳೆ ಹುಂಜದ ದೀಮವನ್ನು ಆರೇಳು ಗಜದಲ್ಲಿ, ಅದರ ಮುಖ ಗುಡಾರದ ಕಡೆಗೆ ಇರುವಂತೆ ನೆಟ್ಟರೆ, ಅದನ್ನು ಎದುರಿಸಲು ಬರುವ ಬಲಿತ ಹುಂಜ ಸುತ್ತು ಹಾಕಿ ಅದರ ಮುಖದೆದುರು ಬಂದು ನಿಲ್ಲುತ್ತದೆ. ಆಗ ಅದರ ಬೆನ್ನು ನಮ್ಮ ಕಡೆಗಿರುತ್ತದೆ, ಬಿಚ್ಚಿದ ಬಾಲವೇ ಅದರ ಕಣ್ಣಿಗೂ ನಮಗೂ ನಡುವೆ ಪರದೆಯಾಗುತ್ತದೆ, ಹೆದೆ ಸೆಳೆಯಲು ಸಿಗುವ ಸುರಕ್ಷಿತ ಕ್ಷಣ ಅದೊಂದೇ. ದೀಮದ ಮುಖ ಬಯಲಿನ ಕಡೆಗಿದ್ದರೆ ಹುಂಜ ಅದರಾಚೆ ನಿಂತು ನೇರವಾಗಿ ನಮ್ಮ ಕಿಟಕಿಯನ್ನೇ ನೋಡುತ್ತಿರುತ್ತದೆ. ಹಿರಿಯರು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಲವತ್ತು ವರ್ಷದಿಂದ ಅದನ್ನು ಕೋವಿಗೇ ನೆಟ್ಟಿದ್ದೇನೆ' ಎಂದರು. ಸಮಜಾಯಿಷಿ ಹೇಳಲಿಲ್ಲ, ವಾದಕ್ಕೂ ಇಳಿಯಲಿಲ್ಲ. ಆ ಮಧ್ಯಾಹ್ನವೇ ತಮ್ಮ ಮನೆಯಿಂದ ತೋಳಿಲ್ಲದ ಎರಡು ಗಿಡ್ಡ ಸ್ಟೂಲುಗಳನ್ನು ತಂದರು. ಗೈಡ್‌ಗೆ ಇರುವ ಈ ಗುಣ ಸಂಸ್ಥೆಯ ಏರ್ಪಾಡಿನಲ್ಲಿಯೂ ಇದ್ದಿದ್ದರೆ ನನ್ನ ಮೂರು ದಿನಗಳಲ್ಲಿ ಒಂದು ದಿನ ವ್ಯರ್ಥವಾಗುತ್ತಿರಲಿಲ್ಲ.

ಎರಡನೆಯ ದಿನದ ಬಗ್ಗೆ ಸಂಸ್ಥೆಯನ್ನು ದೂರುವಂತಿಲ್ಲ, ಏಕೆಂದರೆ ಅದನ್ನು ಕೆಡಿಸಿದ್ದು ದನಗಳು. ಫ್ಲಾರಿಡಾದ ರಾಂಚ್‌ಗಳಲ್ಲಿ ಬ್ರಾಹ್ಮನ್ ಮಿಶ್ರತಳಿಯೇ ಹೆಚ್ಚು. ಹಿಣಿಲು, ಜೋಲುಗಂಗೆದೊಗಲು ಹೊತ್ತ ಈ ದನಗಳು ಸೆಕೆಯನ್ನೂ ಸೊಳ್ಳೆಯನ್ನೂ ತಾಳಿಕೊಳ್ಳುತ್ತವೆಂದು ಇಲ್ಲಿ ನೆಲೆಯೂರಿವೆ. ಅವುಗಳ ಕುತೂಹಲಕ್ಕೆ ಮಿತಿಯಿಲ್ಲ. ಎಂಟು ಗಂಟೆಗೆ ಮೂವತ್ತು ಹಸುಗಳು ನಮ್ಮ ಗುಡಾರವನ್ನು ಸುತ್ತುವರಿದು, ಒಂದು ಹೇಂಟೆ ದೀಮವನ್ನು ನೆಕ್ಕಿ ಕೆಡವಿ, ಇನ್ನೊಂದರ ಮೇಲೆ ಕಾಲಿಟ್ಟು, ಗುಡಾರದ ಮೂಲೆಗೆ ಮೈ ಉಜ್ಜಿಕೊಂಡು ಹೋದವು. ಗೈಡ್ ಕ್ಷಮೆ ಕೇಳಿದರು; ನನಗೆ ನಗು ತಡೆಯಲಾಗಲಿಲ್ಲ. ಅದೇ ಸಂಜೆ ಅವರು ನನ್ನನ್ನು ಒಂದು ಸೈಪ್ರಸ್ ತೋಪಿನ ಅಂಚಿಗೆ ಕರೆದೊಯ್ದು, ಕತ್ತಲಾಗುವವರೆಗೂ ನಿಂತು, ಯಾವ ಮರಕ್ಕೆ ಹುಂಜ ಹಾರಿತೆಂದು ಖಚಿತಪಡಿಸಿಕೊಂಡ ಮೇಲೆ, ಅಲ್ಲಿಂದ ನೂರೈವತ್ತು ಗಜ ದೂರಕ್ಕೆ ಆ ಗುಡಾರವನ್ನೇ ಕಿತ್ತು ತಂದು ಹೂಡಿದರು. ಜಿಂಕೆಯಾಗಿದ್ದರೆ ರಾತ್ರೋರಾತ್ರಿ ಎದ್ದ ಗುಡಾರವನ್ನು ನೋಡಿ ಆ ಕಡೆ ಸುಳಿಯುತ್ತಿರಲಿಲ್ಲ. ಟರ್ಕಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಿಟಕಿಯ ತೊಡಕಿಗೆ ಮಾಡಿದ ಉಪಾಯ ಸರಳವಾಗಿತ್ತು. ಗುಡಾರದ ಒಳಗೆ ಸ್ಟೂಲನ್ನು ಒಂದು ಮರದ ಹಲಗೆಯ ಮೇಲಿಟ್ಟು ನನ್ನ ಕೂರುವ ಎತ್ತರವನ್ನೇ ಏರಿಸಿದೆವು, ಎರಡು ಅಭ್ಯಾಸದ ಬಾಣ ಬಿಟ್ಟು ನೋಡಿದೆವು.

ಮೂರನೆಯ ದಿನ, ಮಾರ್ಚ್ 9, ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುವ ಭಾನುವಾರ. ಹಾಳೆಯ ತಪ್ಪು ಎಂದೆನಲ್ಲ, ಅದು ಇದು: ಮೂರೂ ದಿನಕ್ಕೆ 'ಬೆಳಗ್ಗೆ 5.00ಕ್ಕೆ ಹೊರಡುವುದು' ಎಂದೇ ಅಚ್ಚು ಹಾಕಿದ್ದರು. ಹಿಂದಿನ ದಿನ 6.40ಕ್ಕೆ ಮೂಡಿದ್ದ ಸೂರ್ಯ ಅಂದು ಮೂಡಬೇಕಾದದ್ದು 7.40ರ ಸುಮಾರಿಗೆ. ಹಾಳೆಯನ್ನು ನಂಬಿ ಹೊರಟ ನಾವು ಕತ್ತಲಲ್ಲಿ ಎರಡು ಗಂಟೆ ಸೊಳ್ಳೆಗಳಿಗೆ ಮೈಯೊಡ್ಡಿ ಕೂತೆವು. ಸಾಲದ್ದಕ್ಕೆ ಹೊಸದಾಗಿ ಹೂಡಿದ ಜಾಗದಲ್ಲಿ ಬೆಂಕಿ ಇರುವೆಗಳ ಗೂಡೊಂದು ನನ್ನ ಎಡಗಾಲಿನ ಪಕ್ಕದಲ್ಲೇ ಇತ್ತು. ಋತುವಿನ ಎರಡನೆಯ ವಾರಾಂತ್ಯ ಬಹುತೇಕ ವರ್ಷಗಳಲ್ಲಿ ಗಡಿಯಾರ ಬದಲಾಗುವ ವಾರಾಂತ್ಯವೇ ಆಗಿರುವುದರಿಂದ ಇದು ಆಕಸ್ಮಿಕದ ತಪ್ಪೆಂದು ಮನ್ನಿಸಲಾಗದು.

ಬೆಳಕು ಹರಿದ ಮೇಲೆ ಹುಂಜ ಮರ ಇಳಿದದ್ದು ತೋಪಿನ ಆಚೆ ಬದಿಗೆ, ಹೇಂಟೆಗಳ ಜೊತೆ. ಒಂಬತ್ತೂವರೆಯವರೆಗೆ ಒಂದು ಕೂಗೂ ಕೇಳಲಿಲ್ಲ. ಗೈಡ್ ಅರ್ಧ ಗಂಟೆಗೊಮ್ಮೆ ಮಾತ್ರ, ಅದೂ ಮೆಲ್ಲಗೆ, ಸ್ಲೇಟಿನ ಮೇಲೆ ಕಡ್ಡಿಯಾಡಿಸಿ ಹೇಂಟೆಯ ಕೂಗು ಹೊರಡಿಸುತ್ತಿದ್ದರು. ಅವಸರ ಅವರ ಸ್ವಭಾವದಲ್ಲೇ ಇರಲಿಲ್ಲ. ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಹುಂಜ ಸದ್ದಿಲ್ಲದೆ ಗರಗಸ ತಾಳೆಯ ಪೊದೆಯಿಂದ ಹೊರಬಂದು, ಏಳು ಗಜದಲ್ಲಿ ನಮ್ಮ ಕಡೆ ಮುಖ ಮಾಡಿದ್ದ ಎಳೆ ಹುಂಜದ ದೀಮವನ್ನು ಕಂಡದ್ದೇ ತಡ, ತಲೆ ರಕ್ತಗೆಂಪಾಗಿ ನೇರವಾಗಿ ನಡೆದು ಬಂದಿತು. ಸುತ್ತು ಹಾಕಿತು, ಬಾಲ ಬಿಚ್ಚಿತು, ಬೆನ್ನು ನಮ್ಮ ಕಡೆಗಾಯಿತು. ಹೆದೆ ಸೆಳೆದೆ. ಅದು ಅರ್ಧ ತಿರುಗಿ ಪಕ್ಕೆ ತೋರಿದಾಗ ರೆಕ್ಕೆ ಮೈಗೆ ಸೇರುವ ಗೆಣ್ಣಿಗೆ ಗುರಿಯಿಟ್ಟು ಬಿಟ್ಟೆ. ಮೂವತ್ತು ಗಜ ಓಡಿ, ಪೊದೆಯ ಅಂಚಿನಲ್ಲಿ ಬಿತ್ತು. ಹಕ್ಕಿಯನ್ನು ಬಿದ್ದ ಜಾಗದಿಂದ ಕದಲಿಸುವ ಮೊದಲೇ ಫೋನಿನ ರಾಜ್ಯದ ಆ್ಯಪ್‌ನಲ್ಲಿ ದಾಖಲಿಸಬೇಕು, 24 ಗಂಟೆಯೊಳಗೆ ವರದಿ ಮಾಡಬೇಕು. ಗೈಡ್ ನೆನಪಿಸಿ, ಸಿಗ್ನಲ್ ಸಿಗದಿದ್ದರೂ ಬರೆದಿಡಲು ಕಾಗದದ ನಮೂನೆಯನ್ನು ಜೇಬಿನಲ್ಲಿಯೇ ಇಟ್ಟುಕೊಂಡಿದ್ದರು.

ಅನಂತರದ ಸೇವೆ ಉತ್ತಮ. ಹಕ್ಕಿಯನ್ನು ತಣ್ಣಗಿಡುವ ಕೋಣೆ, ತೊಳೆಯಲು ನೀರು, ಎದೆಮಾಂಸವನ್ನೂ ಕಾಲುಗಳನ್ನೂ ಬೇರೆ ಬೇರೆಯಾಗಿ ಗಾಳಿ ತೆಗೆದು ಮೊಹರು ಮಾಡುವ ಯಂತ್ರ, ಬಾಲವನ್ನು ಹರಡಿ ಮೊಳೆ ಹೊಡೆದಿಡಲು ರಟ್ಟು. ಯಾವುದಕ್ಕೂ ಹೆಚ್ಚುವರಿ ಹಣ ಕೇಳಲಿಲ್ಲ. ಮಾರ್ಚ್ ಮೊದಲಾದರೂ ಅಲ್ಲಿನ ಮಧ್ಯಾಹ್ನ ಬೆವರಿಳಿಸುವಂಥದು, ಆದ್ದರಿಂದ ತಣ್ಣನೆಯ ಕೋಣೆ ಹತ್ತಿರವಿರುವುದು ದೊಡ್ಡ ಅನುಕೂಲ. ಪೆಟ್ಟು ತಿಂದು ಸಿಗದೆ ಹೋದ ಹಕ್ಕಿಯನ್ನೂ ಹೊಡೆದ ಹಕ್ಕಿಯೆಂದೇ ಎಣಿಸುವ ನಿಯಮ ಒಪ್ಪಂದದಲ್ಲಿದೆ. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಮೂವತ್ನಾಲ್ಕು ಗಜದಲ್ಲಿ ಕೈ ತುರಿಸುವವನನ್ನು ಅಂಥ ನಿಯಮವೇ ತಡೆಯುತ್ತದೆ. ಆದರೆ 'ಹೊಡೆಯಿರಿ' ಎನ್ನುವ ಗೈಡ್‌ನ ಮಾತನ್ನು ನಂಬಿ ಬಿಟ್ಟಿದ್ದರೆ ಆ ನಷ್ಟ ನನ್ನದೇ ಆಗುತ್ತಿತ್ತು ಎಂಬುದನ್ನೂ ದಾಖಲಿಸುತ್ತೇನೆ.

ಮುಂಗಡ ಕಟ್ಟುವ ಮೊದಲು ಬಿಲ್ಲಿನವರು ಕೇಳಬೇಕಾದದ್ದು, ವ್ಯವಸ್ಥೆ ಇದೆಯೇ ಎಂದಲ್ಲ. ಗುಡಾರದ ತಳದ ಅಗಲ ಎಷ್ಟು, ಕಿಟಕಿಯ ಕೆಳ ಅಂಚು ನೆಲದಿಂದ ಎಷ್ಟು ಎತ್ತರ, ಕುರ್ಚಿಗೆ ತೋಳುಗಳಿವೆಯೇ, ಗೈಡ್ ಒಳಗೆ ಕೂರುತ್ತಾರೆಯೇ ಅಥವಾ ಹಿಂದೆ ಬೇರೆ ಮರೆಯಲ್ಲಿ ಕೂತು ಕೂಗುತ್ತಾರೆಯೇ, ದೀಮಗಳನ್ನು ನಾನು ಹೇಳಿದಲ್ಲಿ ನೆಡಲು ಒಪ್ಪುತ್ತಾರೆಯೇ ಎಂದು ಅಂಗುಲದ ಲೆಕ್ಕದಲ್ಲಿ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲಿಯೇ ಪಡೆಯಬೇಕು. ನಾನು ಹಿಂದಿರುಗಿ ಈ ಎಲ್ಲವನ್ನೂ ಸಂಸ್ಥೆಗೆ ಬರೆದೆ. ನಾಲ್ಕು ದಿನಗಳ ನಂತರ ಮಾಲೀಕರ ಉತ್ತರ ಬಂತು: ಎರಡು ಗುಡಾರಗಳನ್ನು ಬದಲಿಸುವುದಾಗಿ, ಹಾಳೆಯನ್ನು ತಿದ್ದುವುದಾಗಿ ಹೇಳಿದ್ದರು. ಅದರ ಕೆಳಗೆ, ಗೈಡ್ ಹೇಳಿ ಬರೆಸಿದ ಒಂದು ಸಾಲು ಬೇರೆಯಾಗಿತ್ತು: ಎಳೆ ಹುಂಜದ ದೀಮವನ್ನು ಗುಡಾರಕ್ಕೆ ಮುಖ ಮಾಡಿ ನೆಟ್ಟು, ಮರುವಾರ ಬಂದ ಕೋವಿಯವರಿಗೂ ಒಂಬತ್ತು ಗಜದಲ್ಲಿ ಹಕ್ಕಿ ಕೊಡಿಸಿದರಂತೆ.